ಕಿಟಕಿ ಗಾಜಿನ ಮೇಲಿನ ಬಾಣ

ಒಲಿಂಡಾ ಟೀಚರಿಗೆ ಭೌತಶಾಸ್ತ್ರ ನೀರು ಕುಡಿದಷ್ಟು ಸಲೀಸು. ರಸ್ತೆ ದಾಟುವುದೆಂದರೆ ಮಾತ್ರ ಪ್ರಾಣಭಯ. ತೊಕ್ಕೊಟ್ಟಿನ ಹೆದ್ದಾರಿ ಬದಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ, ಅದರ ಮಾಳಿಗೆಯಲ್ಲಿ ಅವರ ಟ್ಯೂಷನ್. ವೇಗ, ವೇಗೋತ್ಕರ್ಷ ಎಂದು ದಿನವೂ ಪಾಠ ಹೇಳುವವರು ಎದುರಿನ ಬಸ್‌ಸ್ಟಾಪಿಗೆ ಹೋಗಲು ಫ್ಲೈಓವರಿನ ಅಡಿಯವರೆಗೆ ನಡೆದು, ಆಚೆ ಬದಿಯಿಂದ ತಿರುಗಿ ಬರುತ್ತಿದ್ದರು. ನನಗದು ನಗೆಪಾಟಲಿನ ವಿಷಯವಾಗಿತ್ತು.

ಕಳೆದ ಜುಲೈಯಲ್ಲಿ ಒಂಬತ್ತನೆಯವರಿಗೆ ಸ್ಥಾನಪಲ್ಲಟದ ಪಾಠ. ಅದು ದೂರಕ್ಕಿಂತ ಹೇಗೆ ಬೇರೆ ಎಂಬುದು ಮಕ್ಕಳ ತಲೆಗೆ ಹೋಗಲೇ ಇಲ್ಲ. ಕೊನೆಗೆ ಟೀಚರ್ ಕೆಂಪು ಮಾರ್ಕರ್ ತೆಗೆದು, ಕಿಟಕಿಯ ಗಾಜಿನ ಮೇಲೆಯೇ, ಅದರಾಚೆ ಕಾಣುವ ನಮ್ಮ ಗೇಟಿನಿಂದ ಬಸ್‌ಸ್ಟಾಪಿಗೆ ನೇರ ಬಾಣ ಎಳೆದರು. ಸುತ್ತಿ ನಡೆದರೆ ಎಂಟುನೂರು ಮೀಟರ್, ಅದು ದೂರ. ಹೊರಟಲ್ಲಿಂದ ಮುಟ್ಟಿದಲ್ಲಿಗೆ ನೇರ ನಲವತ್ತು ಮೀಟರ್, ಅದು ಸ್ಥಾನಪಲ್ಲಟ. ಮಕ್ಕಳಿಗೆ ಥಟ್ಟನೆ ಅರ್ಥವಾಯಿತು.

ಸಂಚಿತಾ ಎಂಬ ಹುಡುಗಿಗೆ ತುಸು ಹೆಚ್ಚೇ ಅರ್ಥವಾಯಿತು. ಕ್ಲಾಸು ಬಿಟ್ಟು ಕೆಳಗಿಳಿದಾಗ ಎದುರು ಅವಳ ಬಸ್ಸು ಬರುವುದು ಕಂಡಿತು. ಅತ್ತ ಕಿಟಕಿಯ ಪರದೆ ಎಳೆಯಲು ಬಂದ ಟೀಚರ್ ನೋಡುತ್ತಾರೆ, ಕೆಂಪು ಬಾಣದ ನಟ್ಟನಡುವೆ, ಡಿವೈಡರಿನ ಮೇಲೆ ಸಂಚಿತಾ ನಿಂತಿದ್ದಾಳೆ. ಎರಡೂ ಬದಿಯಲ್ಲಿ ಗ್ಯಾಸ್ ಟ್ಯಾಂಕರು, ಮೀನಿನ ಲಾರಿ. ಹುಡುಗಿಗೆ ಮುಂದೆ ಹೋಗಲೂ ಆಗದು, ಹಿಂದೆ ಬರಲೂ ಆಗದು.

ಟೀಚರ್ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿ ಬಂದರು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕೈ ಎತ್ತಿ ರಸ್ತೆಗೆ ಇಳಿದೇಬಿಟ್ಟರು. ಬ್ರೇಕಿನ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ಸುಳ್ಳೇಕೆ ಹೇಳಲಿ, ಹೆದರಿ ಅಂಗಡಿಯೊಳಗೇ ಉಳಿದೆ. ಕಣ್ಣು ಬಿಟ್ಟಾಗ ಇಬ್ಬರೂ ಡಿವೈಡರಿನ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಹಣ್ಣಿನಂಗಡಿಯ ಸಲಾಂ ವಾಹನ ನಿಲ್ಲಿಸಿ ಅವರನ್ನು ಈಚೆಗೆ ಕರೆತಂದ.

"ನೀವೇ ಹೇಳಿದ್ದಲ್ವಾ ಟೀಚರ್, ನಲವತ್ತೇ ಮೀಟರ್ ಅಂತ," ಎಂದಳು ಸಂಚಿತಾ.

ಟೀಚರ್ ಬೈಯಲಿಲ್ಲ. ಅದು ಲೆಕ್ಕದ ಗೆರೆ, ನಡೆಯುವ ದಾರಿಯಲ್ಲ ಎಂದು ಹೇಳಲು ತಾನೇ ಮರೆತೆ ಎಂದರು. ಆಮೇಲೆ ಅವಳ ಕೈ ಬಿಡದೆ ಎಂಟುನೂರು ಮೀಟರೂ ನಡೆಸಿಕೊಂಡು ಹೋದರು.

ಅಂದಿನಿಂದ ಪ್ರತಿ ಸಂಜೆ ಮಕ್ಕಳನ್ನೆಲ್ಲ ಹಾಗೆಯೇ ಸುತ್ತಿಸಿ ಬಸ್ಸಿಗೆ ಮುಟ್ಟಿಸಿ ಬರುತ್ತಾರೆ. ಹೊರಡುವಾಗ ಈಗಲೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಇಷ್ಟು ನಡೆದು ಹೊರಟಲ್ಲಿಗೇ ಬರುತ್ತೀರಲ್ಲ, ನಿಮ್ಮ ಸ್ಥಾನಪಲ್ಲಟ ಸೊನ್ನೆ ಎಂದು ನಾನೊಮ್ಮೆ ಚುಡಾಯಿಸಿದೆ. ಅದಕ್ಕೆ ಅವರೆಂದರು:

"ಎಲ್ಲಾ ಮಕ್ಕಳದ್ದೂ ದಿನಾ ಸೊನ್ನೆಯೇ ಬರ್ಲಿ ಮಾರಾಯ. ಸೊನ್ನೆ ಅಂದ್ರೆ ಬೆಳಿಗ್ಗೆ ಹೊರಟ ಮನೆಗೆ ಸಂಜೆ ವಾಪಸ್ ಮುಟ್ಟಿದ್ರು ಅಂತ."