ಹೊಳೆಯ ಬಾಯಿಂದ ಪಂಪ್‌ಹೌಸ್ ಉಳಿಸಿದ ಮೋಟರಕ್ಕ

ಬೆಳಗಿನ ಐದು ಗಂಟೆ. ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಮೋಟರಕ್ಕ ಸ್ಟಾರ್ಟರ್ ಒತ್ತಿ, ಪೈಪಿಗೆ ಕಿವಿ ಹಚ್ಚಿ ನಿಲ್ಲುತ್ತಾರೆ. ನೀರು ಏರಿದ ಸದ್ದು ಕೇಳಿದ ಮೇಲೆ ಗುದ್ದಲಿ ಹೆಗಲಿಗೇರಿಸಿ ಬಿದಿರು ಮೆಳೆಗಳ ಕಡೆ ನಡೆಯುತ್ತಾರೆ. ಸಂಬಳ ಬರುವುದು ಮೋಟರು ಹಾಕುವುದಕ್ಕೆ ಮಾತ್ರ. ಬಿದಿರು ನೆಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನೂರು ಮನೆಗಳ ನಲ್ಲಿಗೆ ನೀರು ಹೋಗುವುದು ಈ ಒಂದು ಕೋಣೆಯಿಂದ. ಅವರು ಕೆಲಸಕ್ಕೆ ಸೇರಿದಾಗ ಗೋಡೆಯಿಂದ ದಂಡೆಯ ಅಂಚಿಗೆ ಇಪ್ಪತ್ತೆರಡು ಹೆಜ್ಜೆ ಇತ್ತು. ನೆರೆ ಬಂದಾಗಲೆಲ್ಲ ಹೊಳೆ ಮಣ್ಣು ನುಂಗಿ ನುಂಗಿ ಅದು ಹತ್ತಕ್ಕೆ ಇಳಿಯಿತು. ಐದಾದರೆ ಕಟ್ಟಡ ಕೆಡವಬೇಕೆಂದು ನೀರು ಸರಬರಾಜು ಆಫೀಸಿನಿಂದ ಕಾಗದ ಬಂತು. ಕೆಡವಿದ ಮೇಲೆ ಜನ ಏನು ಕುಡಿಯಬೇಕೆಂದು ಬರೆಯುವಷ್ಟು ಶಾಯಿ ಆ ಮಹಾನುಭಾವರಲ್ಲಿ ಇರಲಿಲ್ಲವೇನೋ.

ಗಾರೆ ಕೆಲಸದ ಗಂಡ ದಂಡೆಗೆ ಕಲ್ಲಿನ ಗೋಡೆ ಕಟ್ಟಿದರು. ಒಂದೇ ನೆರೆಗೆ ಬುಡ ಕೊರೆದು ಮಗುಚಿತು. ಮೋಟರಕ್ಕ ಅಂಚಿನುದ್ದಕ್ಕೂ ಬಿದಿರು ನೆಟ್ಟರು. ಮೂರನೇ ವರ್ಷ ಅದೂ ಮಣ್ಣಿನ ಸಮೇತ ಹೊಳೆಪಾಲಾಯಿತು.

"ನನ್ನ ಗೋಡೆನಾದ್ರೂ ಇಲ್ಲೇ ಬಿದ್ದಿದೆ. ನಿನ್ನ ಬಿದಿರು ಯಾವೂರು ಸೇರ್ತೋ," ಎಂದು ಗಂಡ ಹಂಗಿಸಿದರು.

"ಬಿದ್ದ ಕಲ್ಲಿನ ಮೇಲೆ ಕೂತು ಭಾಷಣ ಮಾಡ್ಬೇಡಿ, ಬಂದು ಒಂದು ಕೈ ಹಾಕಿ."

ಇಬ್ಬರೂ ಸೇರಿ ನೀರಲ್ಲಿ ಸಿಕ್ಕಿಕೊಂಡಿದ್ದ ಒಂದು ಮೆಳೆಯನ್ನು ಎಳೆದು ತಂದು ಬೇರು ತೊಳೆದರು. ಬೇರು ಗೂಟದಂತೆ ಆಳಕ್ಕೆ ಇಳಿದಿರಲಿಲ್ಲ. ಮೊಣಕಾಲಿನಷ್ಟು ಆಳದಲ್ಲೇ ಸುತ್ತಲೂ ಚಾಪೆಯಂತೆ ಹೆಣೆದುಕೊಂಡಿತ್ತು.

"ತಪ್ಪು ಬಿದಿರಿಂದಲ್ಲ, ನಂದು," ಎನ್ನುತ್ತಾರೆ ಮೋಟರಕ್ಕ. "ಅಂಚಲ್ಲಿ ನೆಟ್ರೆ ಅರ್ಧ ಬೇರಿಗೆ ಹಿಡ್ಕೊಳ್ಳೋಕೆ ಮಣ್ಣೇ ಇಲ್ಲ. ಅಡಿಯಿಂದ ನೀರು ಕೊರೆದ್ರೆ ಜಾರದೆ ಇನ್ನೇನಾಗುತ್ತೆ?"

ಅಷ್ಟರಲ್ಲಿ ಉಳಿದದ್ದು ಏಳೇ ಹೆಜ್ಜೆ. ಗಂಡನ ಗೋಡೆಯ ಕಲ್ಲುಗಳನ್ನೇ ದಂಡೆಯ ಬುಡಕ್ಕೆ ಒಟ್ಟಿದರು. ಸಂದಿಗಳಿಗೆ ಆಳಕ್ಕೆ ಬೇರಿಳಿಸುವ ಲಾವಂಚದ ಹುಲ್ಲು ಚುಚ್ಚಿದರು. ಅಂಚಿನಿಂದ ಮೂರು ಹೆಜ್ಜೆ ಒಳಗೆ, ಕಟ್ಟಡದ ಎರಡೂ ಬದಿಗೆ ಉದ್ದಕ್ಕೂ, ಓರೆಕೋರೆ ಸಾಲಿನಲ್ಲಿ ನಲವತ್ತೆರಡು ಬಿದಿರು ನೆಟ್ಟರು. ಉದುರಿದ ಎಲೆ ಗುಡಿಸಲು ಯಾರನ್ನೂ ಬಿಡಲಿಲ್ಲ. ಆರು ವರ್ಷದಲ್ಲಿ ಗಟ್ಟಿ ಕೆಮ್ಮಣ್ಣು ಕಪ್ಪಾಗಿ, ಪುಡಿಪುಡಿಯಾಗಿ, ಎರೆಹುಳಗಳಿಂದ ತುಂಬಿದೆ. ಮೋಟರಕ್ಕ ಬೋಳು ನೆಲದ ಮೇಲೆ ಒಂದು ಬಕೆಟ್ ನೀರು ಸುರಿಯುತ್ತಾರೆ. ಅದು ಕೆಸರು ಹೊತ್ತು ಓಡುತ್ತದೆ. ಮೆಳೆಯ ಬುಡದಲ್ಲಿ ಇನ್ನೊಂದು ಬಕೆಟ್ ಸುರಿದರೆ ನಿಂತಲ್ಲೇ ಇಂಗುತ್ತದೆ.

ಈ ವರ್ಷ ಮೂರು ದಿನ ನೆರೆ ಬಂತು. ನೀರು ಪಂಪ್‌ಹೌಸಿನ ಮೆಟ್ಟಿಲು ಮುಟ್ಟಿತು. ಇಳಿದ ಮರುದಿನವೇ ಎಂಜಿನಿಯರ್ ಸಾಹೇಬರು ಕೆಡವುವ ಕಾಗದ ಹಿಡಿದು ಬಂದರು. ಟೇಪು ಎಳೆದರು, ನಂಬದೆ ಮತ್ತೊಮ್ಮೆ ಎಳೆದರು. ಏಳು ಹೆಜ್ಜೆಯಲ್ಲಿ ಒಂದಿಂಚೂ ಹೋಗಿರಲಿಲ್ಲ. ಮೆಳೆಗಳ ನಡುವೆ ಹೊಳೆ ತಾನಾಗಿ ಗೇಣು ದಪ್ಪ ಹೊಸ ಮೆಕ್ಕಲುಮಣ್ಣು ಬಿಟ್ಟು ಹೋಗಿತ್ತು.

"ಕಾಗದ ಎಸೀಬೇಡಿ ಸಾರ್," ಎಂದರು ಗಂಡ. "ಬೆವರು ಒರೆಸ್ಕೊಳ್ಳೋಕೆ ಆಗುತ್ತೆ."

ಸಾಹೇಬರೂ ನಕ್ಕುಬಿಟ್ಟರು. ಹೊಳೆಯ ಮೇಲ್ಭಾಗದ ಮೂರು ಪಂಪ್‌ಹೌಸುಗಳ ದಂಡೆಯೂ ಕುಸಿಯುತ್ತಿದೆ, ಬಂದು ನಮಗೆ ಹೇಳಿಕೊಡಿ ಎಂದು ಕೇಳಿದರು. ಮೋಟರಕ್ಕ ಸೆರಗಿಗೆ ಕೈ ಒರೆಸಿಕೊಂಡರು.

"ಬರ್ತೀನಿ ಸಾರ್. ಆದ್ರೆ ಹೇಳ್ಕೊಡೋದು ಅಲ್ಲಿ ಮೋಟರು ಹಾಕೋರಿಗೆ. ನೀವು ವರ್ಗ ಆಗಿ ಹೋಗ್ತೀರಿ. ದಂಡೆ ಪಕ್ಕ ಇರೋರು ಅವ್ರೇ."