ಹಿಂದೆ ಸರಿಯುವ ಕುರ್ಚಿ

ನಮ್ಮಕ್ಕನಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಕುರ್ಚಿ ಎಳೆಯೋದು" ಅನ್ನುತ್ತೇನೆ. ಅಕ್ಕನಿಗೆ ಸಿಟ್ಟು ಬರುತ್ತದೆ. ಆದರೆ ನಾನು ಹೇಳುವುದರಲ್ಲಿ ಸುಳ್ಳೇನಿಲ್ಲ.

ಅವಳು ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ನೆರವಿನ ಟೀಚರ್. ಪಾಠ ಮಾಡುವವರು ಬೇರೆ. ಅಪ್ಪ ಅಮ್ಮನ ಕೆಲಸದ ಹಿಂದೆ ದೇಶದಿಂದ ದೇಶಕ್ಕೆ ಅಲೆಯುವ ಮಕ್ಕಳು ಅಲ್ಲಿ ಓದುತ್ತಾರೆ. ಅವರಲ್ಲಿ ಕೆಲವರು ಹೊಸ ಕ್ಲಾಸಿನಲ್ಲಿ ಕಂಗೆಟ್ಟು ಕೂರುತ್ತಾರೆ. ಅಕ್ಷರ ತಲೆಗೆ ಹತ್ತದವರಿದ್ದಾರೆ, ಒಂದು ಕಡೆ ಕೂರಲಾಗದವರಿದ್ದಾರೆ, ಬಾಯೇ ಬಿಡದವರಿದ್ದಾರೆ. ಅಂಥ ಒಂದು ಮಗುವಿನ ಪಕ್ಕ ಅಕ್ಕನ ಕುರ್ಚಿ. ಮೊದಮೊದಲು ಮೊಣಕೈ ತಗಲುವಷ್ಟು ಹತ್ತಿರ. ಮಗು ಕೊಂಚ ಚೇತರಿಸಿಕೊಂಡರೆ ಅದರ ಬೆನ್ನ ಹಿಂದೆ. ಇನ್ನಷ್ಟು ಸುಧಾರಿಸಿದರೆ ಕ್ಲಾಸಿನ ಹಿಂಗೋಡೆಗೆ, ಆಮೇಲೆ ಬಾಗಿಲ ಬಳಿಗೆ, ಆಮೇಲೆ ಹೊರಗೆ ಕಾರಿಡಾರಿಗೆ. ಕೊನೆಗೊಂದು ದಿನ ಕುರ್ಚಿಯೇ ಬೇಡ. ಅಕ್ಕ ಕೆಲಸ ಚೆನ್ನಾಗಿ ಮಾಡಿದಳು ಅನ್ನುವುದಕ್ಕೆ ಗುರುತು ಅಂದರೆ ಅಲ್ಲಿ ಅಕ್ಕ ಇಲ್ಲದಿರುವುದು. ಇಂಥ ನೌಕರಿಯನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ, ಕೈಗೆ ಸಿಕ್ಕರೆ ನಾಲ್ಕು ಮಾತು ಆಡುವುದಿದೆ ನನಗೆ.

ಅಕ್ಕ ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ನನ್ನನ್ನು ಸಾಕುವುದರಲ್ಲೇ ಅವಳ ವಯಸ್ಸು ಕಳೆಯಿತು. ಮಕ್ಕಳೆಂದರೆ ಜೀವ ಬಿಡುತ್ತಾಳೆ. ಈಗ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡಿದ್ದೇನೆ. ಸಂಜೆ ಅವಳು ಬಂದು ಬಟ್ಟೆ ಚೂರುಗಳ ನಡುವೆ ಕೂತು ಸ್ಕೂಲಿನ ಸುದ್ದಿ ಹೇಳುತ್ತಾಳೆ. ಸ್ಕೂಲಿನ ಚಾಳಿಯೂ ಮನೆಗೆ ಬಂದಿದೆ. "ಟೀ ಬೇಕಾ?" ಅಂತ ಕೇಳಿ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ. ಉತ್ತರ ಹೇಳಲು ಮಗುವಿಗೆ ಸಮಯ ಕೊಡಬೇಕಂತೆ.

"ನಾನೇನು ನಿನ್ನ ಸ್ಟೂಡೆಂಟಾ ತಾಯೀ? ಬೇಗ ಟೀ ಮಾಡು" ಅನ್ನುತ್ತೇನೆ. ನನಗೆ ಕಾಯುವುದು ಅಂದರೆ ಆಗುವುದಿಲ್ಲ.

ಹೀಗಿರುವಾಗ ಅವಳ ಪಾಲಿಗೆ ಬಂದವಳು ಮೌನಗೌರಿ. ಹೆಸರಿಟ್ಟವಳು ನಾನೇ. ಮೂರನೇ ಕ್ಲಾಸಿಗೆ ಸೇರಿದ ಹುಡುಗಿ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳಂತೆ. ಸ್ಕೂಲಿನ ಗೇಟು ದಾಟಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಾಯಾರಿದರೆ ನೀರು ಸಹ ಕೇಳುತ್ತಿರಲಿಲ್ಲ. ಆ ವರ್ಷವೆಲ್ಲ ಅಕ್ಕ ಅವಳಿಗೆ ಹೇಳಿಕೊಟ್ಟದ್ದು ಎದುರು ಸಿಕ್ಕವರಿಗೆ ಗುಡ್ ಮಾರ್ನಿಂಗ್ ಹೇಳುವುದನ್ನು. ನಿಲ್ಲಬೇಕು, ಮುಖ ನೋಡಬೇಕು, ಹೇಳಬೇಕು. ಮಾತು ಗಂಟಲಲ್ಲೇ ಸಿಕ್ಕಿಕೊಂಡರೆ ಹೆಬ್ಬೆರಳನ್ನು ಒಂದೊಂದು ಬೆರಳಿಗೂ ಒತ್ತಬೇಕು, ಉಸಿರು ಬಿಡಬೇಕು, ಮತ್ತೆ ಶುರು ಮಾಡಬೇಕು.

ಒಂದು ಸಂಜೆ ಅಕ್ಕ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. "ನನ್ನನ್ನ ಕರೆದ್ಲು ಕಣೇ! 'ಆಂಟಿ, ನೀರು' ಅಂದ್ಲು!"

ಸ್ಕೂಲಿನ ಮಕ್ಕಳೆಲ್ಲ ಅವಳನ್ನು ಮಿಸ್ ಅನ್ನುತ್ತಾರೆ. ಆಂಟಿ ಅಂದವಳು ಇವಳೊಬ್ಬಳೇ. ಅಕ್ಕ ಅದನ್ನು ತಿದ್ದಲಿಲ್ಲ. ಆ ಕರೆಗಾಗಿ ಅವಳು ಎಷ್ಟು ಹಂಬಲಿಸಿದ್ದಳು ಅನ್ನುವುದು ಆವತ್ತು ಅವಳ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು.

ಆಮೇಲೆ ಕುರ್ಚಿ ಹಿಂದೆ ಸರಿಯತೊಡಗಿತು. ಹಿಂಗೋಡೆಗೆ ಹೋದ ದಿನ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಬಾಗಿಲಿಗೆ ಬಂದ ದಿನ ತಲೆನೋವು ಅಂತ ಮಲಗಿದಳು. "ಪ್ರಮೋಷನ್ ಸಿಕ್ಕಿದೆ, ಸ್ವೀಟ್ ತರೋದು ಬಿಟ್ಟು ಮುಸುಕು ಹೊದ್ಕೊಂಡಿದ್ದೀಯಲ್ಲ" ಅಂತ ರೇಗಿಸಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಆ ಸ್ಕೂಲಿನಲ್ಲಿ ಐದನೇ ಕ್ಲಾಸು ಮುಗಿಸುವ ಮಕ್ಕಳು ತಾವೇ ಒಂದು ವಿಷಯ ಆರಿಸಿಕೊಂಡು, ಹುಡುಕಾಡಿ, ಎಲ್ಲರೆದುರು ನಿಂತು ವಿವರಿಸಬೇಕು. ಎರಡು ವರ್ಷ ಕಳೆದು ಐದನೇ ಕ್ಲಾಸಿಗೆ ಬಂದಿದ್ದ ಮೌನಗೌರಿ ಲಿಫ್ಟನ್ನು ಆರಿಸಿಕೊಂಡಿದ್ದಳು. ಒಬ್ಬಳೇ ನಿಂತು ಹೇಳಿದರೆ ನೆರವು ಮುಗಿಯಿತು, ಇಲ್ಲವಾದರೆ ಇನ್ನೊಂದು ವರ್ಷ ಮುಂದುವರಿಸೋಣ ಅಂತ ಅಕ್ಕನ ವಿಭಾಗದ ಮುಖ್ಯಸ್ಥೆ ತೀರ್ಮಾನಿಸಿದ್ದರು. ಅಕ್ಕ ಒಳಗೆ ಕಾಲಿಡುವಂತಿರಲಿಲ್ಲ.

ಹಿಂದಿನ ದಿನ ಅಕ್ಕ ನನ್ನ ಮಷೀನಿನ ಪಕ್ಕ ಕೂತು, "ಇನ್ನೊಂದು ವರ್ಷ ನನ್ನ ಹತ್ರಾನೇ ಇರ್ಲಿ ಅಂತ ಒಂದು ಮನಸ್ಸು ಹೇಳುತ್ತೆ" ಅಂದಳು. "ಛೀ, ಎಂಥಾ ಯೋಚ್ನೆ ಬರುತ್ತೆ ನೋಡು ನಂಗೆ!"

"ಬಂದ್ರೆ ಬರ್ಲಿ ಬಿಡು. ನೀನೇನು ಕಲ್ಲಾ?" ಅಂದೆ.

"ನಾಳೆ ನೀನು ಬಾ. ಟೀಚರ್‌ಗಳ ಮನೆಯವರೂ ಬರಬಹುದು. ಒಳಗೆ ಕೂತು ನೋಡಿ ನಂಗೆ ಹೇಳು."

ಹೀಗೆ ನಾನು ಗೂಢಚಾರಿಣಿಯಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸ್ಕೂಲಿನ ಹಾಲ್‌ನಲ್ಲಿ ಕೂತೆ. ಮೌನಗೌರಿಯನ್ನು ನೋಡಿದ್ದು ಅದೇ ಮೊದಲು. ಕಡ್ಡಿಯಂಥ ಹುಡುಗಿ, ಸ್ಕರ್ಟಿನ ಅಂಚು ಒಂದು ಕಡೆ ಬಿಚ್ಚಿತ್ತು. ನನ್ನ ಕೈ ಸೂಜಿಗಾಗಿ ತುಡಿಯಿತು. ಅವಳ ಮುಂದೆ ರಟ್ಟಿನ ಲಿಫ್ಟು. ದಾರದ ಒಂದು ತುದಿಗೆ ಡಬ್ಬಿ, ಇನ್ನೊಂದು ತುದಿಗೆ ಕಬ್ಬಿಣದ ನಟ್ಟುಗಳು. ಮೊದಲ ನಾಲ್ಕು ವಾಕ್ಯ ಸರಾಗವಾಗಿ ಬಂತು. ಆಮೇಲೆ ನಿಂತುಹೋಯಿತು.

ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಹುಡುಗಿ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಬಾಗಿಲಿಗೆ ಸಣ್ಣದೊಂದು ಗಾಜಿತ್ತು, ಗಾಜಿನಾಚೆ ಅಕ್ಕನ ಮುಖ. ಇಬ್ಬರ ಕಣ್ಣೂ ಕೂಡಿದವು. ಇನ್ನೇನು ಅಕ್ಕ ನಗುತ್ತಾಳೆ, ಕೈ ಬೀಸುತ್ತಾಳೆ, ಮಗುವಿಗೆ ಧೈರ್ಯ ಬರುತ್ತದೆ ಅಂದುಕೊಂಡೆ.

ಅಕ್ಕ ಪಕ್ಕಕ್ಕೆ ಸರಿದುಬಿಟ್ಟಳು. ಗಾಜು ಖಾಲಿ.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅವಳನ್ನು ಎಳೆದು ತಂದು ಗಾಜಿನ ಮುಂದೆ ನಿಲ್ಲಿಸೋಣ ಅನ್ನಿಸಿತು. ಅಷ್ಟರಲ್ಲಿ ಹುಡುಗಿ ಕಣ್ಣು ತಗ್ಗಿಸಿದಳು. ಅವಳ ಹೆಬ್ಬೆರಳು ಒಂದೊಂದೇ ಬೆರಳನ್ನು ಒತ್ತಿತು. ಉಸಿರು ಬಿಟ್ಟಳು. "ಈ ಭಾರ ಕೆಳಗೆ ಬಂದ್ರೆ, ಡಬ್ಬಿ ಮೇಲೆ ಹೋಗುತ್ತೆ" ಅಂತ ಶುರು ಮಾಡಿದವಳು ಕೊನೆಯವರೆಗೂ ನಿಲ್ಲಲಿಲ್ಲ. ಬಾಗಿಲ ಕಡೆ ಮತ್ತೆ ನೋಡಲೂ ಇಲ್ಲ.

ಹೊರಗೆ ಬಂದರೆ ಅಕ್ಕ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಳು. "ಹೇಳಿದ್ಲಾ?" ಅಂದಳು. "ಪೂರ್ತಿ ಹೇಳಿದ್ಲು" ಅಂದೆ. ಕಲ್ಲೆದೆಯವಳು ಅಂತ ಬೈಯಲು ಬಂದಿದ್ದೆ. ಅವಳ ಸೆರಗು ಒದ್ದೆಯಾಗಿದ್ದನ್ನು ನೋಡಿ ಬಾಯಿ ಮುಚ್ಚಿಕೊಂಡೆ.

ರಜೆ ಮುಗಿದ ಮೇಲೆ ಹುಡುಗಿ ದೊಡ್ಡ ಮಕ್ಕಳ ಕಟ್ಟಡಕ್ಕೆ ಹೋದಳು. ಅಕ್ಕನ ಕುರ್ಚಿ ಬೇರೊಂದು ಮಗುವಿನ ಪಕ್ಕ ಸೇರಿತು. ಅದು ಪೆನ್ಸಿಲ್ ಕಚ್ಚುವ ಮಗು, ಒಳ್ಳೆಯದೇ, ಆದರೆ ಅಕ್ಕನ ಮನಸ್ಸೆಲ್ಲ ಆಚೆ ಕಟ್ಟಡದಲ್ಲಿ. ದಿನಾ ಒಂದಲ್ಲ ಒಂದು ನೆಪ ಮಾಡಿಕೊಂಡು ಆ ಕಡೆಯಿಂದ ಸುತ್ತು ಹಾಕಿ ಬರುತ್ತಿದ್ದಳು. "ಲೈಬ್ರರಿಗೆ ಹೋಗಿದ್ದೆ" ಅನ್ನುವಳು.

"ಲೈಬ್ರರಿ ನಿಮ್ಮ ಕಟ್ಟಡದಲ್ಲೇ ಇದೆಯಲ್ಲೇ?" ಅಂದರೆ ಟೀ ಮಾಡಲು ಒಳಗೆ ಹೋಗುವಳು.

ಮೊನ್ನೆ ಸಂಜೆ ಬಂದವಳು ಬಟ್ಟೆ ಚೂರುಗಳ ನಡುವೆ ಕೂತಳು. "ಇವತ್ತು ಸಿಕ್ಕಿದ್ಲು. ನಾಲ್ಕೈದು ಜನ ಫ್ರೆಂಡ್ಸು. ಇವಳದೇ ಗಲಾಟೆ ಜಾಸ್ತಿ."

"ನಿನ್ನನ್ನ ನೋಡಿ ಓಡಿ ಬಂದ್ಲಾ?"

"ನಿಂತ್ಲು. ನನ್ನ ಮುಖ ನೋಡಿದ್ಲು. 'ಗುಡ್ ಮಾರ್ನಿಂಗ್, ಮಿಸ್' ಅಂದ್ಲು. ಹೋದ್ಲು."

"ಮಿಸ್? ಆಂಟಿ ಅನ್ಲಿಲ್ವಾ?"

ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಮಾತು ಬರಲಿಲ್ಲ. ಆ ಹುಡುಗಿಯನ್ನು ಬೈಯುವ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಆಗ ಅಕ್ಕನ ಮಡಿಲಲ್ಲಿದ್ದ ಕೈ ಕಣ್ಣಿಗೆ ಬಿತ್ತು. ಅವಳ ಹೆಬ್ಬೆರಳು ಒಂದೊಂದೇ ಬೆರಳನ್ನು ಒತ್ತುತ್ತಿತ್ತು.

ನಾನು ಮಷೀನು ನಿಲ್ಲಿಸಿ, ಅವಳ ಮುಖ ನೋಡುತ್ತಾ ಕಾದೆ.

"ನಾನೂ ಗುಡ್ ಮಾರ್ನಿಂಗ್ ಅಂದೆ ಕಣೇ" ಅಂದಳು ಅಕ್ಕ. "ಅಷ್ಟೇ ಅಂದೆ."