ಒಂದೇ ಮನೆಯ ಇಬ್ಬರು ಶ್ರೀನಿವಾಸರು

ಹೋದ ವಾರ ಸುಬಾಂಗ್ ಜಯಾದ ನಮ್ಮ ಕಟ್ಟಡದ ನೆಲಮಾಳಿಗೆಗೆ ಮಳೆನೀರು ನುಗ್ಗಿತ್ತು. ಲಿಫ್ಟ್ ಬಾಗಿಲು ತೆರೆದಾಗ ನೆನೆದ ರಟ್ಟು, ಕೆಸರು, ಡೀಸೆಲ್ ಬೆರೆತ ವಾಸನೆ ಬಂತು. ಕಾರು ತೆಗೆಯದೆ ಮೇಲೆ ಬಂದುಬಿಟ್ಟೆ. ಅದು ನನ್ನ ಹತ್ತನೆಯ ವಯಸ್ಸಿನ ವಾಸನೆ.

ಆಗ ನಾವು ಇಲ್ಲಿಂದ ಎರಡು ಸ್ಟೇಷನ್ ಆಚೆ, ಮಹಡಿಯಿದ್ದ ಸಾಲುಮನೆಯೊಂದರಲ್ಲಿದ್ದೆವು. ಅಪ್ಪ ಖಾಸಗಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಕಲಿಸುತ್ತಿದ್ದರು. ಮನೆಯಲ್ಲಿ ಇಬ್ಬರು ಶ್ರೀನಿವಾಸರು. ಒಬ್ಬ ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣ. ಇನ್ನೊಬ್ಬ ಓದಲೆಂದು ಮೈಸೂರಿನಿಂದ ಈ ದೇಶಕ್ಕೆ ಬಂದಿದ್ದ ದೊಡ್ಡಪ್ಪನ ಮಗ ಸೀನಣ್ಣ. ಇಬ್ಬರಿಗೂ ತಾತನ ಹೆಸರು. ರೋಮಿನವರೂ ನಮ್ಮ ಹಾಗೆಯೇ ಎಂದು ಅಪ್ಪ ಊಟಕ್ಕೆ ಕುಳಿತಾಗ ಹೇಳುತ್ತಿದ್ದರು. ಅವರಲ್ಲಿ ಹೆಸರುಗಳೇ ಕಡಿಮೆ. ರಾಜನನ್ನು ಓಡಿಸಿದವನೂ ಲೂಸಿಯಸ್, ನೇಗಿಲು ಬಿಟ್ಟು ಯುದ್ಧಕ್ಕೆ ಹೋಗಿ, ಗೆದ್ದು, ಮತ್ತೆ ಉಳಲು ಬಂದವನೂ ಲೂಸಿಯಸ್, ಸ್ವಂತ ಊರಿನ ಮೇಲೇ ದಂಡೆತ್ತಿ ಬಂದವನೂ ಲೂಸಿಯಸ್. ಸಾರಿನ ಹಬೆಯ ಆಚೆ ಅವರೆಲ್ಲ ನಮ್ಮ ನೆಂಟರಂತೆಯೇ ಕಾಣುತ್ತಿದ್ದರು.

"ನಾನೇ ಒರಿಜಿನಲ್ ಲಾ, ಇವನು ಕಾಪಿ," ಎನ್ನುತ್ತಿದ್ದ ಅಣ್ಣ, ಇಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ.

"ನಿನಗಿಂತ ಎಂಟು ವರ್ಷ ಮುಂಚೆ ಹುಟ್ಟಿದೀನಿ ಕಣೋ. ಕಾಪಿ ಯಾರು, ನೀವೇ ಹೇಳಿ ಚಿಕ್ಕಪ್ಪ," ಎನ್ನುತ್ತ ಸೀನಣ್ಣ ಅವನ ತಟ್ಟೆಯ ಹಪ್ಪಳ ಎತ್ತಿಕೊಳ್ಳುತ್ತಿದ್ದ.

ನೆರೆ ಬಂದ ಆ ಶನಿವಾರ ಅಪ್ಪ ಕೆಲಸಕ್ಕೆಂದು ಹೋದ ಊರು ಪುತ್ರಜಯಾದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ನೀರು ಮೆಟ್ಟಿಲು ಹತ್ತಿತು. ದೋಣಿ ಬಂದಾಗ ಮೂವರಿಗೆ ಮಾತ್ರ ಜಾಗ. "ನೀವು ಹೋಗಿ ಚಿಕ್ಕಮ್ಮ, ಮುಂದಿನ ಸಲ ನಾನು ಬರ್ತೀನಿ," ಎಂದು ಸೀನಣ್ಣ ನನ್ನನ್ನು ಮಹಡಿಯ ಕಿಟಕಿಯಿಂದ ಇಳಿಸಿದ. ನಮ್ಮನ್ನು ಶಾಲೆಯೊಂದರ ಹಾಲ್‌ಗೆ ಮುಟ್ಟಿಸಿದ ದೋಣಿಯವನು ಇನ್ನೊಂದು ಬೀದಿಗೆ ಹೊರಟುಹೋದ. ಅಮ್ಮ ಮನೆಯಲ್ಲಿದ್ದ ನಾಲ್ವರ ಹೆಸರನ್ನು, ಇನ್ನೂ ಬರದವರಿಗೆ ದೋಣಿ ಕಳಿಸಲೆಂದು, ಚೀಟಿಯಲ್ಲಿ ಬರೆದು ನನ್ನ ಕೈಗಿತ್ತು, ಅಪ್ಪನಿಗೆ ಫೋನ್ ಮಾಡಲು ಯಾರದಾದರೂ ಮೊಬೈಲ್ ಸಿಗುತ್ತದೇನೋ ಎಂದು ಹೋದಳು. ದೋಣಿಗಳನ್ನು ಕಳಿಸುತ್ತಿದ್ದ ತಮಿಳು ಮಾತಾಡುವ ಹಿರಿಯರೊಬ್ಬರು ಚೀಟಿ ತೆಗೆದುಕೊಂಡರು.

"ಶ್ರೀನಿವಾಸ ಯಾರಪ್ಪಾ?"

"ನಾನು," ಎಂದ ಅಣ್ಣ.

"ಎರಡು ಸಲ ಬರೆದಿದ್ದಾರೆ. ಪಾವಂ, ಪಾಪ, ಗಾಬರಿ," ಎಂದು ಅವರು ಕೆಳಗಿನ ಹೆಸರನ್ನು ಹೊಡೆದುಹಾಕಿದರು.

ಪೆನ್ನು ಎಡದಿಂದ ಬಲಕ್ಕೆ ಹೋಗುವುದನ್ನು ನಾನು ನೋಡಿದೆ. ಇಬ್ಬರಿದ್ದಾರೆ ಅನ್ನಬೇಕಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಯಾರೋ ಬಿಸಿ ಟೀ ಕೊಟ್ಟರು, ಕುಡಿದೆ. ಅಮ್ಮ ಬಂದು "ಸೀನು ಇನ್ನೂ ಬಂದಿಲ್ವಾ?" ಎಂದು ಕೇಳುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಆಮೇಲೆ ಕಳಿಸಿದ ದೋಣಿ ಮನೆ ತಲುಪಿದಾಗ ಮಹಡಿಯಲ್ಲಿ ಯಾರೂ ಇರಲಿಲ್ಲ. ಕಾದು ಕಾದು, ಈಜಿ ಬರುತ್ತೇನೆಂದು ನೀರಿಗಿಳಿದ ಎಂದರು ಎದುರುಮನೆಯವರು. ಮೂರನೆಯ ದಿನ ಹೆಣ ಸಿಕ್ಕಿತು. ಆ ಪೆನ್ನು ಹಾಗೆ ಹೋಗುವುದನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಕಣ್ಣ ಮುಂದೆ ನೋಡುತ್ತೇನೆ. ಅಳು ಬರುವುದಿಲ್ಲ.

ಆ ಮನೆ ಬಿಟ್ಟೆವು. ಊಟದ ಹೊತ್ತಿನ ಕಥೆಗಳನ್ನು ಅಪ್ಪ ನಿಲ್ಲಿಸಿದರು. ನೀವೂ ಇಂಥದೊಂದು ಮನೆ ಕಳೆದುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ, ಆಮೇಲೆ ಯಾವ ಊಟದ ಮೇಜೂ ತುಂಬುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ, ಇಲ್ಲಿ ಹತ್ತು ಗಂಟೆಯಾಗುವ ಹೊತ್ತಿಗೆ, ಸೀನಣ್ಣನ ತಾಯಿ ದೊಡ್ಡಮ್ಮ ಮೈಸೂರಿನಿಂದ ಫೋನ್ ಮಾಡಿ ಅಣ್ಣನನ್ನು ಕೇಳುತ್ತಿದ್ದಳು:

"ಸೀನು, ತಿಂಡಿ ಆಯ್ತೇನಪ್ಪ?"

"ಆಯ್ತಮ್ಮ."

ದೊಡ್ಡಮ್ಮ ಎಂದು ಕರೆಯುವುದನ್ನು ಅವನು ಆ ವರ್ಷವೇ ಬಿಟ್ಟಿದ್ದ. 'ಅಮ್ಮ' ಎನ್ನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಅಣ್ಣ ಈಗ ಇಲ್ಲಿಂದ ದೂರದ ಬಯಾನ್ ಲೆಪಾಸ್‌ನಲ್ಲಿ ಎಂಜಿನಿಯರ್. ಭಾನುವಾರ ಬೇಗ ತಿಂಡಿ ಮುಗಿಸಿ, ಹತ್ತೂವರೆಯವರೆಗೆ ಫೋನಿನ ಪಕ್ಕದಲ್ಲೇ ಕುಳಿತಿರುತ್ತಾನಂತೆ. ಅತ್ತಿಗೆ ಹೇಳಿದರು.